ಕಲ್ಲು, ಎರೆ, ಹೊಳೆ: ಗುಂಡುಮಾಲಿನಿಂದ ಗದ್ವಾಲಕ್ಕೆ ಕುದುರೆ ದಾರಿ



ನಮ್ಮ ನಾರಾಯಣಪೇಟೆ ಸೀಮೆಯಲ್ಲಿ ಈಗ ಕುದುರೆ ಅಂದಕೂಡಲೇ ಕಣ್ಣಿಗೆ ಬರುವುದು ಮದುವೆ ಮೆರವಣಿಗೆ. ಬ್ಯಾಂಡಿನ ಸದ್ದಿಗೆ ಕಿವಿ ಹಿಂದಕ್ಕೆ ಒರಗಿಸಿಕೊಂಡು ನಿಂತ ಬಿಳಿ ಕುದುರೆ, ಮೇಲೆ ಬಾಸಿಂಗದೊಳಗೆ ಬೆವರುವ ಮದುಮಗ. ಕುದುರೆ ಹತ್ತಿ ಊರಿಂದೂರಿಗೆ ಹೋಗುವ ಮಾತು ಮುತ್ತಜ್ಜನ ಕಾಲಕ್ಕೇ ಮುಗಿಯಿತು. ಹೀಗಿರುವಾಗ, ಹೈದರಾಬಾದಿನಲ್ಲಿ ಸವಾರಿ ಕಲಿತು ಬಂದ ನಮ್ಮ ಕಡೆಯ ಹುಡುಗನೊಬ್ಬ ಕೇಳಿದ: “ಕಾಕಾ, ಗುಂಡುಮಾಲಿನಿಂದ ಹೊಂಟು ನಾರಾಯಣಪೇಟಿ, ಮಕ್ತಲ್ ದಾಟಿ ಗದ್ವಾಲ ತನಕ ಕುದುರಿ ಮ್ಯಾಲ ಹೋಗಬೇಕಂತ ಮಾಡೀನಿ. ಡಾಂಬರ ರಸ್ತಾ ಬ್ಯಾಡ. ಆಗ್ತದೇನ್ರಿ?”

ಆಗುತ್ತದೆ. ಅವನಿಗೆ ಹೇಳಿದ್ದನ್ನೇ ತುಸು ಬೆಳೆಸಿ ಇವತ್ತು ನಿಮ್ಮ ಮುಂದೆ ಇಡುತ್ತೇನೆ.

ಈ ದಾರಿಯಲ್ಲಿ ಮೂರು ತರಹದ ನೆಲ ಸಿಗುತ್ತದೆ. ಗುಂಡುಮಾಲಿನ ಸುತ್ತ ಕೆಂಪು ಮಣ್ಣು, ನಡುನಡುವೆ ಬೋಳು ಬಂಡೆ, ಗುಂಡು ಪೇರಿಸಿಟ್ಟಂಥ ಗುಡ್ಡ. ಮಕ್ತಲ್ ದಾಟಿ ಹೊಳೆಯ ಕಡೆ ಇಳಿದಂತೆ ಎರೆಭೂಮಿ. ಕೊನೆಗೆ ಕೃಷ್ಣೆ. ತಂಗಿಡಿಯ ಬಳಿ ಭೀಮೆಯನ್ನು ಕೂಡಿಸಿಕೊಂಡು ತೆಲಂಗಾಣಕ್ಕೆ ಇಳಿಯುವ ಆ ನದಿ ನಮ್ಮನ್ನು ಗದ್ವಾಲದಿಂದ ಬೇರೆ ಮಾಡಿ ಹರಿಯುತ್ತದೆ. ಮೂರಕ್ಕೂ ಒಂದೇ ಸವಾರಿ ನಡೆಯದು. ಸವಾರಿ ಶಾಲೆಯ ಮೈದಾನದಲ್ಲಿ ಮರಳು ಹಾಸಿರುತ್ತಾರೆ. ಅಲ್ಲಿ ಕುದುರೆ ಕಾಲಿಡುವ ಜಾಗದ ಬಗ್ಗೆ ಸವಾರನೂ ಯೋಚಿಸುವುದಿಲ್ಲ, ಕುದುರೆಯೂ ಯೋಚಿಸುವುದಿಲ್ಲ. ಹೊರಗಿನ ದಾರಿಯಲ್ಲಿ ಕುದುರೆಗೆ ಅದೇ ಮುಖ್ಯ ಕೆಲಸ. ಆ ಕೆಲಸಕ್ಕೆ ಅಡ್ಡ ಬರದಿರುವುದೇ ಸವಾರನ ಪಾಲಿನ ಕೆಲಸದಲ್ಲಿ ಅರ್ಧಕ್ಕೂ ಹೆಚ್ಚು.

ಮೊದಲು ಕುದುರೆಯ ಮಾತು. ಎತ್ತರದ ರೇಸು ಕುದುರೆಯೇ ಬೇಕೆಂದು ಹುಡುಗ ಹಟ ಹಿಡಿದಿದ್ದ. ನಾನು ಬೇಡ ಅಂದೆ. ನಮ್ಮ ದಖನ್ನಿನ ನೆಲಕ್ಕೆ ಹುಟ್ಟಿದ ತಳಿಯೊಂದಿದೆ. ಭೀಮಾ ನದಿಯ ಕಣಿವೆಯದ್ದಾದ್ದರಿಂದ ಅದನ್ನು ಭೀಮಥಡಿ ಅನ್ನುತ್ತಾರೆ, ದಖನಿ ಕುದುರೆ ಅಂತಲೂ ಕರೆಯುತ್ತಾರೆ. ಮರಾಠರ ದಂಡನ್ನು ಹೊತ್ತು ಸುತ್ತಿದ್ದು ಈ ಗಿಡ್ಡ ಕುದುರೆಯೇ. ಅರಸರ ಕಾಲ ಮುಗಿದ ಮೇಲೆ ಇದನ್ನು ಉಳಿಸಿದವರು ಧನಗರರು. ಕುರಿಮಂದೆಯ ಹಿಂದೆ ವರ್ಷವಿಡೀ ಅಲೆಯುವ ಅವರಿಗೆ ಸಂಸಾರದ ಗಂಟು, ಕೋಳಿ, ನಡೆಯಲಾರದ ಮರಿ, ಎಲ್ಲವನ್ನೂ ಹೊರಲು ಇದೇ ಬೇಕು. ನಮ್ಮ ಬೆಳಗಾವಿ ಕಡೆಯ ಕುರುಬರ ಕುದುರೆಗಳೂ ಇದೇ ಕೆಲಸ ಮಾಡುತ್ತವೆ. ರಾಷ್ಟ್ರೀಯ ಪಶು ತಳಿ ಸಂಪನ್ಮೂಲ ಕೇಂದ್ರ ಈಚೆಗಷ್ಟೇ ಭೀಮಥಡಿಯನ್ನು ಪ್ರತ್ಯೇಕ ತಳಿಯೆಂದು ದಾಖಲಿಸಿಕೊಂಡಿದೆ. ಮಾರವಾಡಿ, ಕಾಠಿಯಾವಾಡಿ, ಮಣಿಪುರಿ, ಸ್ಪಿತಿಗಳ ಸಾಲಿನಲ್ಲಿ ಈಗ ನಮ್ಮ ಭೀಮೆಯ ಹೆಸರೂ ಇದೆ. ಕಾಗದದ ಮೇಲೆ ಬರಲು ಇಷ್ಟು ಕಾಲ ಹಿಡಿದದ್ದು ಸರ್ಕಾರದ ವೇಗ, ಇರಲಿ.

ಗಿಡ್ಡ ಕುದುರೆ ತೆಗೆದುಕೊಂಡರೆ ತೂಕದ ಲೆಕ್ಕ ಇಡಬೇಕು. ಸವಾರ, ಜೀನು, ಚೀಲ, ನೀರಿನ ಬಾಟಲಿ ಎಲ್ಲ ಸೇರಿ ಕುದುರೆಯ ತೂಕದ ಐದರಲ್ಲೊಂದು ಪಾಲು ದಾಟಬಾರದು. 300 ಕಿಲೋ ಕುದುರೆಗೆ ಹೊರೆ 60 ಕಿಲೋ. ನಮ್ಮ ಹುಡುಗ ಒಬ್ಬನೇ ಅದಕ್ಕಿಂತ ಹೆಚ್ಚು ತೂಗುತ್ತಾನೆ. ಹಾಗಾದರೆ ಇನ್ನೂ ದೊಡ್ಡ ಕುದುರೆ ನೋಡಬೇಕು, ಇಲ್ಲವೇ ದಾರಿಯ ಒಂದಷ್ಟು ಪಾಲು ಇಳಿದು ನಡೆಯಬೇಕು. ನಡೆಯುವುದು ಸವಾರನಿಗೆ ಅವಮಾನ ಅಂದುಕೊಂಡವರು ಈ ದಾರಿಗೆ ಬರದಿರುವುದು ಒಳ್ಳೆಯದು.

ಈಗ ಕಲ್ಲಿಗೆ ಬರೋಣ. ಕುದುರೆಯ ಕಣ್ಣು ತಲೆಯ ಎರಡು ಪಕ್ಕದಲ್ಲಿದೆ. ಸುತ್ತಮುತ್ತಲಿನ ಬಹುಪಾಲು ಅದಕ್ಕೆ ಒಂದೇ ನೋಟದಲ್ಲಿ ಸಿಗುತ್ತದೆ, ಆದರೆ ಹಣೆಯ ಮುಂದಿನ ತುಂಡು ಜಾಗ, ಮೂಗಿನ ಕೆಳಗಿನ ನೆಲ, ಬಾಲದ ಹಿಂದಿನದು ಕಾಣುವುದಿಲ್ಲ. ಕಾಲಿಡಬೇಕಾದ ಕಲ್ಲನ್ನು ಅದು ತಲೆ ಇಳಿಸಿ, ಕತ್ತು ಚಾಚಿ ನೋಡಬೇಕು. ಅದೇ ಗಳಿಗೆಗೆ ಮೇಲೆ ಕೂತವನಿಗೆ ಭಯವಾಗುತ್ತದೆ, ಕೈ ತಾನಾಗಿಯೇ ಲಗಾಮನ್ನು ಬಿಗಿಯುತ್ತದೆ. ಲಗಾಮು ಬಿಗಿದರೆ ತಲೆ ಮೇಲೆ, ತಲೆ ಮೇಲಾದರೆ ನೆಲ ಕಾಣದು, ನೆಲ ಕಾಣದಿದ್ದರೆ ಎಡವುತ್ತದೆ. ಎಡವಿದ್ದಕ್ಕೆ ಮತ್ತೊಂದು ಜಗ್ಗು. ಮುಗ್ಗರಿಸಿದ ಕುದುರೆ ತಲೆ-ಕತ್ತನ್ನು ಬೀಸಿಯೇ ತೂಕ ಸರಿ ಮಾಡಿಕೊಳ್ಳುವುದು, ಆಗ ಲಗಾಮು ಹಿಡಿದು ಎತ್ತುತ್ತೇನೆ ಅನ್ನುವವನು ಅದಕ್ಕೆ ಏಳಲು ಬಿಡುವುದಿಲ್ಲ. ದಾರಿಯಲ್ಲಿ ಸಿಕ್ಕ ಕುರುಬ ತಾತನೊಬ್ಬ ಇದನ್ನೇ ನನಗಿಂತ ಚಿಕ್ಕದಾಗಿ ಹೇಳಿದ್ದ: “ಅದರ ತಲಿ ಅದಕ್ಕ ಬಿಡ್ರಿ.”

ಏರುವಾಗ ಸವಾರ ಸ್ವಲ್ಪ ಮುಂದಕ್ಕೆ ಬಾಗಿ, ಪೃಷ್ಠವನ್ನು ಜೀನಿನಿಂದ ತುಸು ಹಗುರ ಮಾಡಿ, ಒಂದು ಮುಷ್ಟಿ ಕೇಸರ ಹಿಡಿಯಬೇಕು. ಕುದುರೆಯ ಇಂಜಿನು ಹಿಂದಿನ ಕಾಲುಗಳಲ್ಲಿದೆ, ಅದರ ಮೇಲೆ ಮೂಟೆಯಂತೆ ಕೂರಬಾರದು. ಇಳಿಯುವಾಗ ಸಿನಿಮಾದವರಂತೆ ಹಿಂದಕ್ಕೆ ಮಲಗಿಬಿಡುವುದೂ ತಪ್ಪು. ಮೈ ನೆಟ್ಟಗಿರಲಿ, ಹಿಮ್ಮಡಿ ಕೆಳಗಿರಲಿ, ತೂಕ ರಿಕಾಪಿನ ಮೇಲೆ ಬರಲಿ. ಕಡಿದಾದ, ಸಡಿಲ ಜಲ್ಲಿಯ ಇಳಿಜಾರಿನಲ್ಲಿ ಕುದುರೆಯನ್ನು ನೇರ ಇಳಿಸಬೇಕು. ನೇರ ಇಳಿಯುವ ಕುದುರೆ ಜಾರಿದರೆ ಹಿಂಗಾಲ ಮೇಲೆ ಕೂತು ಜಾರುತ್ತದೆ, ಮತ್ತೆ ಎದ್ದು ನಿಲ್ಲುತ್ತದೆ. ಓರೆಯಾಗಿ ಇಳಿಯುವುದು ಜಾರಿದರೆ ನಾಲ್ಕೂ ಕಾಲು ಒಂದೇ ಕಡೆ ತಪ್ಪಿ ಪಕ್ಕಕ್ಕೆ ಉರುಳುತ್ತದೆ, ಅದರ ಕೆಳಗೆ ಸವಾರನ ಕಾಲು. ಏರುವ ದಾರಿಯಲ್ಲಿ ಜೀನು ಹಿಂದೆ ಸರಿಯದಂತೆ ಎದೆಪಟ್ಟಿ, ಇಳಿಯುವ ದಾರಿಯಲ್ಲಿ ಮುಂದೆ ಸರಿಯದಂತೆ ಬಾಲಪಟ್ಟಿ ಬೇಕು. ಹೊಟ್ಟೆಪಟ್ಟಿಯನ್ನು ಹೊರಟ ಸ್ವಲ್ಪ ಹೊತ್ತಿಗೆ ಇನ್ನೊಮ್ಮೆ ಬಿಗಿ ಮಾಡಿ. ಹೊರಡುವಾಗ ಕುದುರೆ ಹೊಟ್ಟೆ ಉಬ್ಬಿಸಿಕೊಂಡಿರುತ್ತದೆ, ನಡೆದ ಮೇಲೆ ಪಟ್ಟಿ ಸಡಿಲವಾಗುತ್ತದೆ.

ಹಾಸುಬಂಡೆಯ ಮಾತು ಬೇರೆ. ಕಬ್ಬಿಣದ ಲಾಳಕ್ಕೂ ನುಣುಪು ಕಲ್ಲಿಗೂ ಆಗುವುದಿಲ್ಲ. ಲಾಳವಿಲ್ಲದ ಗೊರಸು ಬಂಡೆಯನ್ನು ಚೆನ್ನಾಗಿ ಹಿಡಿಯುತ್ತದೆ, ಆದರೆ ನಮ್ಮ ಜಲ್ಲಿ ದಾರಿಯಲ್ಲಿ ಅದೇ ಗೊರಸು ಬೇಗ ಸವೆಯುತ್ತದೆ. ಹಾಗಾಗಿ ಲಾಳ ಬೇಕು, ಬಂಡೆ ಬಂದಲ್ಲಿ ಹುಷಾರೂ ಬೇಕು: ನಿಧಾನ ನಡಿಗೆ, ನೇರ ಗೆರೆ, ಬಂಡೆಯ ನಡುವೆ ತಿರುವು ಬೇಡ. ಮಳೆ ಬಿದ್ದು ಪಾಚಿ ಕಟ್ಟಿದ್ದರೆ ಆ ಬಂಡೆಯನ್ನು ಸುತ್ತಿಯೇ ಹೋಗಿ. ದೊಡ್ಡ ಗುಂಡುಗಳ ಕೆಳಗೆ ಹೆಜ್ಜೇನು ಕಟ್ಟಿರುವುದನ್ನು ದೂರದಿಂದಲೇ ನೋಡಿಕೊಳ್ಳಿ. ಅಲ್ಲಿ ಬೀಡಿ ಹಚ್ಚಬೇಡಿ, ಕೂಗಾಡಬೇಡಿ. ಹೆಜ್ಜೇನು ಎದ್ದರೆ ಕುದುರೆ ಯಾರ ಮಾತನ್ನೂ ಕೇಳುವುದಿಲ್ಲ, ಕೇಳಬೇಕೆಂದು ನಾವು ಬಯಸುವುದೂ ಸರಿಯಲ್ಲ.

ಕಲ್ಲಿನ ಅಪಾಯ ಎದುರಿಗೇ ಕಾಣುತ್ತದೆ. ಎರೆಯದು ಹಾಗಲ್ಲ. ಬೇಸಗೆಯಲ್ಲಿ ಎರೆಹೊಲ ಸಮತಟ್ಟಾಗಿ, ದೂರದವರೆಗೆ ಬಯಲಾಗಿ ಕಾಣುತ್ತದೆ. ಇಲ್ಲಿ ಓಡಿಸೋಣ ಅನಿಸುತ್ತದೆ. ಆದರೆ ಒಣಗಿದ ಎರೆ ಬಿರಿಯುತ್ತದೆ, ಬಿರುಕು ಕೆಲವೆಡೆ ಅಂಗೈ ಅಗಲ, ಆಳ ಮೊಳಗಟ್ಟಲೆ. ಮೇಲೆ ಒಣಹುಲ್ಲು, ಕಡ್ಡಿ ಬಿದ್ದಿದ್ದರೆ ಕಾಣುವುದೂ ಇಲ್ಲ. ಓಡುವ ಕುದುರೆಯ ಮುಂಗಾಲು ಅದರೊಳಗೆ ಇಳಿದರೆ ಆಗುವುದನ್ನು ನಾನು ಬಿಡಿಸಿ ಹೇಳಬೇಕಿಲ್ಲ. ಮಾರ್ಚಿನಿಂದ ಮೊದಲ ಮಳೆಯವರೆಗೆ ಎರೆಹೊಲದಲ್ಲಿ ನಡಿಗೆ ಮಾತ್ರ, ಅದೂ ಬಂಡಿದಾರಿ ಹಿಡಿದು. ಎತ್ತಿನ ಬಂಡಿ, ಟ್ರ್ಯಾಕ್ಟರು ತುಳಿದ ಜಾಗದಲ್ಲಿ ಬಿರುಕು ಮುಚ್ಚಿ ಗಟ್ಟಿಯಾಗಿರುತ್ತದೆ.

ಮಳೆ ಬಿದ್ದ ಮೇಲೆ ಅದೇ ಎರೆ ಗೊರಸನ್ನು ಹಿಡಿದು ಎಳೆಯುತ್ತದೆ. ಲಾಳ ಕಿತ್ತುಕೊಳ್ಳುತ್ತದೆ, ಸ್ನಾಯುರಜ್ಜು ಉಳುಕುತ್ತದೆ. ಗೊರಸಿನೊಳಗೆ ಗಟ್ಟಿಯಾಗಿ ಕೂತ ಮಣ್ಣನ್ನು ಆಗಾಗ ಇಳಿದು ಕೊಕ್ಕೆಯಿಂದ ಕೆದರಿ ತೆಗೆಯಬೇಕು. ಜಾಲಿಮುಳ್ಳು ಚುಚ್ಚಿದೆಯೋ ಅಂತಲೂ ಆಗಲೇ ನೋಡಿಕೊಳ್ಳಿ. ಬಳ್ಳಾರಿ ಜಾಲಿಯ ಮುಳ್ಳು ಅಂಗಾಲಿನೊಳಗೆ ಮುರಿದು ಉಳಿದರೆ ಹೊರಗೆ ಕುರುಹೂ ಇರುವುದಿಲ್ಲ. ಸಾಕುಪ್ರಾಣಿಗಳಲ್ಲಿ ಧನುರ್ವಾಯುವಿಗೆ ಕುದುರೆಯಷ್ಟು ಬೇಗ ಬಲಿಯಾಗುವುದು ಬೇರೊಂದಿಲ್ಲ, ಆ ಲಸಿಕೆ ಹಾಕಿಸದೆ ಊರ ಗಡಿ ದಾಟಬೇಡಿ.

ಮಕ್ತಲ್ ಸುತ್ತ ಈಗ ನೀರಾವರಿ ಬಂದಿದೆ, ಸಂಗಂಬಂಡದಂಥ ಜಲಾಶಯಗಳಾಗಿವೆ. ಒಳ್ಳೆಯದೇ. ಆದರೆ ಕುದುರೆ ಸವಾರನಿಗೆ ಹಿಂದಿನವರು ಕಾಣದ ಒಂದು ಅಪಾಯವನ್ನೂ ಅದು ತಂದಿದೆ: ಸಿಮೆಂಟು ಹಾಸಿದ ಕಾಲುವೆ. ಅದರ ಓರೆಗೋಡೆ ಒದ್ದೆಯಾದರೆ ಗೊರಸು ನಿಲ್ಲುವುದಿಲ್ಲ. ನೀರು ಕುಡಿಸಲೆಂದು ದಂಡೆಗೆ ಒಯ್ದ ಕುದುರೆ ಒಳಗೆ ಜಾರಿದರೆ ಅಲ್ಲಿಂದಲೇ ಮೇಲೆ ಎಳೆಯಲು ಹೋಗಬೇಡಿ, ಹಗ್ಗ ಹಿಡಿದು ದಂಡೆಗುಂಟ ನಡೆಯಿರಿ, ದನ ಇಳಿಯಲು ಬಿಟ್ಟ ಇಳಿಜಾರೋ ಮೆಟ್ಟಿಲೋ ಸಿಗುವವರೆಗೆ. ಕಟ್ಟೆಯಿಲ್ಲದ ಹಳೆಯ ಬಾವಿ, ಹಂದಿ ಕಾಟಕ್ಕೆಂದು ಹೊಲಕ್ಕೆ ಎಳೆದ ವಿದ್ಯುತ್ ತಂತಿ, ಇವೂ ಹಾಗೆಯೇ. ನಸುಗತ್ತಲಲ್ಲಿ ಗುರುತಿಲ್ಲದ ಹೊಲ ಹೊಗಬಾರದು, ಹೊಲದವರನ್ನು ಕೇಳದೆ ಹಗಲಲ್ಲೂ ಹೊಗಬಾರದು.

ಹೊಳೆಯ ಬಗ್ಗೆ ಹೇಳಲು ಹೆಚ್ಚಿದೆ. ಕೃಷ್ಣೆಯನ್ನು ಕುದುರೆ ದಾಟುವುದು ಅಂದರೆ ಈ ಸೀಮೆಯ ಚರಿತ್ರೆಯ ಅರ್ಧ ಭಾಗ. 1520ರಲ್ಲಿ ರಾಯಚೂರಿಗಾಗಿ ಕೃಷ್ಣದೇವರಾಯನ ಮೇಲೆ ಬಂದ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹ, ಹೊಳೆ ದಾಟಿ, ಅದನ್ನೇ ಬೆನ್ನಿಗಿಟ್ಟುಕೊಂಡು ಕಾದಿದ. ಸೋತು ಹಿಮ್ಮೆಟ್ಟುವಾಗ ಅವನ ಕಡೆಯ ಎಷ್ಟೋ ಜನ, ಕುದುರೆ ನೀರುಪಾಲಾದದ್ದನ್ನು ಪೋರ್ಚುಗೀಸ್ ನೂನಿಜ್ ಬರೆದಿಟ್ಟಿದ್ದಾನೆ. 1565ರಲ್ಲಿ ಸುಲ್ತಾನರ ಕೂಟ ಬಂದಾಗ ವಿಜಯನಗರದವರು ಕಡವು ಕಾಯ್ದು ನಿಂತಿದ್ದರು. ಸುಲ್ತಾನರು ಬೇರೆಡೆ ದಾಟುವವರಂತೆ ದಂಡೆಗುಂಟ ಸಾಗಿದರು. ಕಾವಲಿನವರೂ ಎದುರು ದಂಡೆಯಲ್ಲಿ ಅವರ ಬೆನ್ನಿಗೆ ಹೊರಟರು. ಆಮೇಲೆ ಸುಲ್ತಾನರು ಧಾವಿಸಿ ಹಿಂದಿರುಗಿ ಬರಿದಾದ ಕಡವಿನಲ್ಲೇ ಇಳಿದು ದಾಟಿದರು. ಚರಿತ್ರಕಾರ ಫರಿಸ್ತಾ ಹೇಳುವ ಈ ಕಥೆಯಲ್ಲಿ ನನಗೆ ಹಿಡಿಸುವುದು ಅವರ ಯುಕ್ತಿಯಲ್ಲ. ಅಷ್ಟು ದೊಡ್ಡ ಸೈನ್ಯವೂ ಸಿಕ್ಕಲ್ಲಿ ಇಳಿಯಲಿಲ್ಲ, ಗೊತ್ತಿದ್ದ ಕಡವಿಗೇ ಮರಳಿ ಬಂತು ಅನ್ನುವುದು. ಕಡವು ಯಾವುದೆಂದು ಊರವರಿಗೆ ಗೊತ್ತಿರುತ್ತದೆ, ನಕ್ಷೆಗೆ ಗೊತ್ತಿರುವುದಿಲ್ಲ.

ಹರಿಗೋಲುಗಳ ಬಗ್ಗೆ ವಿಜಯನಗರಕ್ಕೆ ಬಂದಿದ್ದ ಇನ್ನೊಬ್ಬ ಪೋರ್ಚುಗೀಸ್ ಪಾಯೆಸ್ ಬರೆದದ್ದೂ ಇದೆ. ಬುಟ್ಟಿಯಂತೆ ದುಂಡಗೆ, ಹೊರಗೆ ಚರ್ಮ ಹೊದಿಸಿದ ಅವುಗಳಲ್ಲಿ ಬೇಕಾದರೆ ಕುದುರೆಯನ್ನೂ ಎತ್ತನ್ನೂ ಸಾಗಿಸಬಹುದಿತ್ತು, ಆದರೆ ಹೆಚ್ಚಾಗಿ ಅವು ಈಜಿಯೇ ದಾಟುತ್ತಿದ್ದವು ಅನ್ನುತ್ತಾನೆ. ಆ ಮಾತು ಓದಿಕೊಂಡು ಬಂದ ನಮ್ಮ ಹುಡುಗನಿಗೂ ಕೃಷ್ಣೆಯನ್ನು ಈಜಿಸುವ ಆಸೆ. ಅದಕ್ಕೆ ನನ್ನ ಉತ್ತರ ಒಂದೇ: ಬೇಡವೇ ಬೇಡ. ಪಾಯೆಸನ ಕಾಲದ ಹೊಳೆ ಮುಗಿಲು ನೋಡಿ ಏರಿಳಿಯುತ್ತಿತ್ತು. ಈಗಿನದು ಗೇಟು ನೋಡಿ ಏರಿಳಿಯುತ್ತದೆ. ಮೇಲೆ ನಾರಾಯಣಪುರದ ಬಸವಸಾಗರ, ಕೆಳಗೆ 1995ರಿಂದ ಜುರಾಲಾ. ನಮ್ಮಲ್ಲಿ ಹನಿ ಮಳೆ ಇಲ್ಲದ ದಿನವೂ ನೀರು ಏರಬಹುದು. ಮರಳು ತೆಗೆದ ಗುಂಡಿಗಳು ನೀರಿನಡಿ ಅಡಗಿರುತ್ತವೆ. ಮೊಸಳೆಗಳೂ ಇವೆ. ಡಾಂಬರು ಬೇಡವೆಂದ ಹುಡುಗನಿಗೆ ಇಲ್ಲಿ ಮಾತ್ರ ಡಾಂಬರೇ ಸರಿ ಅಂದೆ. ಜುರಾಲಾ ಅಣೆಕಟ್ಟಿನ ರಸ್ತೆಗೆ ಬೆಳಗಿನ ಜಾವ ಬಂದು, ಇಳಿದು, ಲಾರಿಗಳಿಗೂ ಕುದುರೆಗೂ ನಡುವೆ ತಾನಿದ್ದು ನಡೆಸಿಕೊಂಡು ದಾಟಬೇಕು.

ಹಳ್ಳಗಳನ್ನಂತೂ ದಾಟಲೇಬೇಕು. ಕುದುರೆಗೆ ನೀರಿನ ಆಳ ಗೊತ್ತಾಗುವುದಿಲ್ಲ. ಮೂಸಿ ನೋಡಲು, ಫೂತ್ಕರಿಸಲು, ಒಂದು ಕಾಲಿಟ್ಟು ತೆಗೆಯಲು ಹೊತ್ತು ಕೊಡಿ. ಅನುಭವದ ಕುದುರೆ ಮುಂದೆ ಹೋದರೆ ಹೊಸದು ಹಿಂದೆ ಬರುತ್ತದೆ. ದಾಟಿದವರು ಆಚೆ ದಂಡೆಯಲ್ಲಿ ನಿಲ್ಲಬೇಕು. ಮುಂದಿನವರು ದೌಡಾಯಿಸಿದರೆ ಹಿಂದುಳಿದ ಕುದುರೆ ಗಾಬರಿಗೆ ಹಳ್ಳವನ್ನೇ ಹಾರಲು ಹೋಗುತ್ತದೆ. ಸವಾರನ ಕಣ್ಣು ಎದುರು ದಂಡೆಯ ಮೇಲಿರಲಿ, ಹರಿಯುವ ನೀರನ್ನೇ ನೋಡಿದರೆ ತಲೆ ತಿರುಗುತ್ತದೆ. ನೀರಿನ ನಡುವೆ ಕುದುರೆ ಮುಂಗಾಲಿನಿಂದ ಬಡಿಯತೊಡಗಿದರೆ ಆಟವಾಡುತ್ತಿದೆ ಎಂದು ನಗಬೇಡಿ. ಅದು ಮಲಗಿ ಹೊರಳುವ ಯೋಚನೆಯಲ್ಲಿದೆ, ಹಿಮ್ಮಡಿ ಒತ್ತಿ ಮುಂದೆ ನಡೆಸಿ. ತಲೆ ಎತ್ತದಂತೆ ಕಟ್ಟಿದ ಪಟ್ಟಿಯನ್ನು ನೀರಿಗಿಳಿಯುವ ಮೊದಲೇ ಬಿಚ್ಚಿರಬೇಕು, ಅದು ಇದ್ದರೆ ಈಜುವ ಹೊತ್ತಿಗೆ ಕುದುರೆ ಮೂಗು ಮೇಲೆತ್ತಲಾರದೆ ಮುಳುಗುತ್ತದೆ. ಕಾಲು ನೆಲ ಬಿಟ್ಟಿತೋ, ರಿಕಾಪಿನಿಂದ ಪಾದ ತೆಗೆದು ಕೇಸರ ಹಿಡಿಯಿರಿ. ಲಗಾಮು ಜಗ್ಗಿದರೆ ಕುದುರೆ ಹಿಂದಕ್ಕೆ ಮಗುಚಿ ನಿಮ್ಮ ಮೇಲೆಯೇ ಬೀಳುತ್ತದೆ.

ಕುಸಿಯುವ ಮರಳಿನ ಬಗ್ಗೆ ಹೇಳುವಾಗ ನಮ್ಮ ಮೈಸೂರಿನವರನ್ನು ನೆನೆಯದೆ ಆಗದು. 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ಟೈನಿನ ಹೈಫಾ ಪಟ್ಟಣವನ್ನು ಮೈಸೂರು ಮತ್ತು ಜೋಧಪುರ ಲ್ಯಾನ್ಸರ್‌ಗಳು ಕುದುರೆ ಮೇಲೆ ನುಗ್ಗಿ ಗೆದ್ದರು. ಭಾಷಣಗಳಲ್ಲಿ ಆ ನುಗ್ಗುವಿಕೆಯ ವರ್ಣನೆಯೇ ಬರುತ್ತದೆ, ನೆಲದ ಮಾತು ಬರುವುದಿಲ್ಲ. ಒಂದು ಕಡೆ ಕಾರ್ಮೆಲ್ ಬೆಟ್ಟ, ಇನ್ನೊಂದು ಕಡೆ ಕಿಶೋನ್ ಹೊಳೆ, ನಡುವೆ ಇಕ್ಕಟ್ಟಾದ ಬಯಲು. ಮೈಸೂರಿನ ಒಂದು ತುಕಡಿಗೆ ಬೆಟ್ಟದ ಮೇಲಿನ ಫಿರಂಗಿಗಳ ಕೆಲಸ ಬಂತು, ಆ ಕಡಿದಾದ ಏರನ್ನು ಅವರು ಕುದುರೆಗಳೊಡನೆ ಹತ್ತಿದರು. ಕೆಳಗೆ ಜೋಧಪುರದವರು ಹೊಳೆ ದಾಟಲು ಹೋದರೆ ದಂಡೆಯೇ ಕುಸಿಮರಳು. ಮುಂದಿನವರಿಗೆ ಅದು ತಿಳಿದದ್ದೇ ತಡ, ಗುಂಡು ಸುರಿಯುತ್ತಿದ್ದರೂ ದಳ ಎಡಕ್ಕೆ ಹೊರಳಿ ಬೆಟ್ಟದ ಬುಡ ಹಿಡಿದು ದಾರಿ ಮಾಡಿಕೊಂಡಿತು. ಯುದ್ಧದಲ್ಲೂ, ಸಾವಿನ ಎದುರಲ್ಲೂ, ಕುದುರೆ ಕಾಲಿಗೆ ಸಿಗದ ನೆಲವನ್ನು ಅವರು ಬಿಟ್ಟುಕೊಟ್ಟರು. ನಾವು ಭಾನುವಾರ ಮೋಜಿಗೆ ಹೊರಟವರು, ಕುದುರೆ ಬೇಡವೆಂದು ನಿಂತರೆ ಚಾಟಿ ತೆಗೆಯುತ್ತೇವೆ! ದಾರಿಗೆ ಪಳಗಿದ ಕುದುರೆ ಒಂದು ಜಾಗದಲ್ಲಿ ಒಲ್ಲೆ ಅಂದರೆ ನಾನಂತೂ ಮೊದಲು ಇಳಿದು ನೆಲ ತುಳಿದು ನೋಡುತ್ತೇನೆ.

ಅಷ್ಟಾಗಿಯೂ ಕುದುರೆ ಕೆಸರಲ್ಲಿ ಹೂತರೆ? ಸವಾರ ತಕ್ಷಣ ಇಳಿಯಬೇಕು. ಎದುರಿಗೆ ನಿಲ್ಲಬಾರದು, ಪಕ್ಕಕ್ಕಿರಬೇಕು, ಏಕೆಂದರೆ ಅದು ಮುಂದಕ್ಕೆ ಜಿಗಿದೇ ಬಿಡಿಸಿಕೊಳ್ಳುತ್ತದೆ. ಹೊಟ್ಟೆಪಟ್ಟಿ ಸಡಿಲಿಸಿ, ಜೀನು ತೆಗೆಯಲಾದರೆ ತೆಗೆದು, ಉಸಿರು ತೆಗೆದುಕೊಳ್ಳಲು ಬಿಡಿ. ಎರಡು-ಮೂರು ಸಲ ಹೊರಳಾಡಿ ಸುಮ್ಮನಾದರೆ ಸೋತಿತೆಂದಲ್ಲ, ದಣಿವಾರಿಸಿಕೊಳ್ಳುತ್ತಿದೆ. ನಮ್ಮ ಊರುಗಳಲ್ಲಿ ಇಂಥ ಹೊತ್ತಿಗೆ ಜನ ಓಡಿ ಬರುತ್ತಾರೆ, ದೊಡ್ಡ ಮನಸ್ಸಿನಿಂದ ಟ್ರ್ಯಾಕ್ಟರನ್ನೂ ತರುತ್ತಾರೆ, ಕುತ್ತಿಗೆಗೆ ಹಗ್ಗ ಹಾಕಿ ಎಳೆಯುತ್ತಾರೆ. ಅದನ್ನು ಮಾತ್ರ ಕೈ ಮುಗಿದು ತಡೆಯಿರಿ. ಕುತ್ತಿಗೆಗಾಗಲಿ, ಒಂದು ಕಾಲಿಗಾಗಲಿ ಹಗ್ಗ ಹಾಕಬಾರದು. ಮುಂಗಾಲುಗಳ ಹಿಂದೆ ಎದೆಯನ್ನು ಸುತ್ತಿ ಅಗಲವಾದ ಪಟ್ಟಿ ಹಾಕಿ, ಕಾಲಿನ ಸುತ್ತ ಕೆಸರಿಗೆ ನೀರು ಬಿಟ್ಟು ಸಡಿಲ ಮಾಡಿ, ಜನರೇ ನಿಧಾನ ಎಳೆದರೆ ಆಗುತ್ತದೆ. ಪಶುವೈದ್ಯರಿಗೆ ಹೇಳಿ ಕಳಿಸುವುದು ಕೊನೆಯ ಕೆಲಸವಾಗದಿರಲಿ, ಮೊದಲನೆಯದಾಗಲಿ.

ಫೋನು ಕಿಸೆಯಲ್ಲಿರಲಿ, ಜೀನಿನ ಚೀಲದಲ್ಲಲ್ಲ. ನೀವು ಬಿದ್ದು ಕುದುರೆ ಓಡಿದರೆ ಫೋನೂ ಅದರ ಜತೆ ಓಡುತ್ತದೆ. ಹೆಲ್ಮೆಟ್ಟು, ಹಿಮ್ಮಡಿಯಿದ್ದ ಬೂಟು, ಮಡಚುವ ಚಾಕು ಇರಲೇಬೇಕು. ಹಿಮ್ಮಡಿಯಿಲ್ಲದ ಚಪ್ಪಲಿಯ ಪಾದ ರಿಕಾಪಿನೊಳಗೆ ಪೂರಾ ತೂರಿಹೋದರೆ ಬಿದ್ದವನನ್ನು ಕುದುರೆ ಎಳೆದೊಯ್ಯುತ್ತದೆ. ಗುಂಪಿನಲ್ಲಿ ಒದೆಯುವ ಕುದುರೆಯಿದ್ದರೆ ಬಾಲಕ್ಕೆ ಕೆಂಪು ಪಟ್ಟಿ ಕಟ್ಟುವುದು ಸವಾರರ ರೂಢಿ, ಆದರೂ ಒಂದರ ಹಿಂದೆ ಇನ್ನೊಂದು ಕುದುರೆಯಳತೆ ದೂರ ಎಲ್ಲರೂ ಬಿಡಬೇಕು.

ಬಿಸಿಲು. ಏಪ್ರಿಲ್-ಮೇ ತಿಂಗಳಲ್ಲಿ ಹೋಗಬೇಡಿ ಅನ್ನುವುದು ಚಿಕ್ಕ ಉತ್ತರ. ಚಳಿಗಾಲದಲ್ಲೂ ನಡುಹಗಲು ಬೇವಿನ ನೆರಳಿಗೆ ನಿಲ್ಲಬೇಕು. ವಿಶ್ರಾಂತಿಯಲ್ಲಿರುವ ಕುದುರೆಯ ನಾಡಿ ನಿಮಿಷಕ್ಕೆ 28ರಿಂದ 44. ನಿಂತ 20 ನಿಮಿಷದೊಳಗೆ ಅದು 64ಕ್ಕೆ ಇಳಿಯದಿದ್ದರೆ ಅವತ್ತಿನ ಪಯಣ ಅಲ್ಲಿಗೇ ಮುಗಿಯಿತೆನ್ನಿ. ದೂರದ ಓಟದ ಪಂದ್ಯಗಳಲ್ಲಿ ವೈದ್ಯರು ನೋಡುವ ಅಂಕಿಯೂ ಅದೇ. ದವಡೆಯ ಒಳಅಂಚಿನಲ್ಲಿ ಬೆರಳಿಟ್ಟರೆ ನಾಡಿ ಸಿಗುತ್ತದೆ. ಕತ್ತಿನ ಚರ್ಮ ಚಿವುಟಿ ಬಿಟ್ಟಾಗ ಗೆರೆ ಹಾಗೆಯೇ ನಿಂತರೆ ನೀರು ಸಾಲದು. ಕುದುರೆಯ ಬೆವರಲ್ಲಿ ಉಪ್ಪು ಬಹಳ ಹೋಗುತ್ತದೆ, ಸಂಜೆಯ ಮೇವಿಗೆ ಒಂದಷ್ಟು ಉಪ್ಪು ಬೆರೆಸಿ.

ಇನ್ನು ಲಾಳ. ಕುದುರೆಯ ಗೊರಸು ಬೆಳೆಯುತ್ತಲೇ ಇರುವುದರಿಂದ ಆರರಿಂದ ಎಂಟು ವಾರಕ್ಕೊಮ್ಮೆ ಲಾಳ ಬಿಚ್ಚಿ, ಗೊರಸು ಕೆತ್ತಿ, ಮತ್ತೆ ಕಟ್ಟಬೇಕು. ನಮ್ಮ ಸಂತೆಗಳಲ್ಲಿ ಸಿಗುವ ನಾಲಬಂದರು ಎತ್ತಿಗೆ ಕಟ್ಟುವವರು. ಎತ್ತಿನ ಗೊರಸು ಸೀಳಿರುತ್ತದೆ, ಲಾಳವೂ ಎರಡು ತುಂಡು, ಎತ್ತನ್ನು ಕೆಡವಿಯೇ ಬಡಿಯುತ್ತಾರೆ. ಕುದುರೆಯನ್ನು ಹಾಗೆ ಕೆಡವಬಾರದು, ಮೊಳೆ ಕೂದಲೆಳೆಯಷ್ಟು ಒಳಗೆ ಹೋದರೂ ಕುಂಟುತ್ತದೆ. ಆದ್ದರಿಂದ ಹುಡುಗನಿಗೆ ಹೇಳಿದೆ: ಹೊರಡುವ ಒಂದು ವಾರ ಮೊದಲೇ ಕುದುರೆ ಲಾಳ ಬಲ್ಲವರಿಂದ ಕಟ್ಟಿಸು, ಆ ವಾರ ಅಲ್ಲೇ ಸುತ್ತಮುತ್ತ ನಡೆಸಿ ನೋಡು, ಎರಡು ಬಿಡಿ ಲಾಳ, ಹತ್ತಾರು ಮೊಳೆ ಚೀಲದಲ್ಲಿಟ್ಟುಕೋ. ಮಕ್ತಲ್‌ನಲ್ಲಿ ಲಾಳ ಬಿದ್ದರೆ ಉಳಿದದ್ದನ್ನೂ ಕೀಳಿಸಿ, ಗೊರಸಿಗೆ ಗೋಣಿ ಸುತ್ತಿ ನಡೆಸಿಕೊಂಡು ಬಾ, ಇಲ್ಲವೇ ಗಾಡಿ ತರಿಸು. ಡಿಸೆಂಬರಿನಲ್ಲಿ ಜೋಳ ಎದೆಮಟ್ಟ ಬಂದಿರುವಾಗ ಹೊರಡುತ್ತಾನಂತೆ. ಜೋಳದ ಹೊಲಕ್ಕೆ ಕುದುರೆ ಬಾಯಿ ಹಾಕದಂತೆ ನೋಡಿಕೊಳ್ಳುವುದು ಅವನ ಹೊಣೆ, ಆ ತಕರಾರಿಗೆ ನನ್ನ ಹೆಸರು ಹೇಳಬಾರದೆಂದೂ ತಿಳಿಸಿದ್ದೇನೆ.